ಕಡೆಗೀಲು ಕಳಚಿದ ಯೀಸ್ಟ್: ಒಂದು ಕಿಣ್ವ, ಒಂದು ವಿಟಮಿನ್, ಒಂದು ಲೋಹದ ಪ್ರಕರಣ

ಒಣಗಿಸಿದ ಯೀಸ್ಟ್ ತಗೊಳ್ಳಿ. ಅದನ್ನು ತುಸು ಕ್ಷಾರೀಯವಾದ ಫಾಸ್ಫೇಟ್ ದ್ರಾವಣದಲ್ಲಿ ಚೆನ್ನಾಗಿ ತೊಳೆಯಿರಿ. ಆಮೇಲೆ ನೀರಿನಲ್ಲಿ ತೊಳೆಯಿರಿ. ಈಗ ಅದಕ್ಕೆ ಪೈರುವೇಟ್, ಅಂದರೆ ಸಕ್ಕರೆ ಒಡೆದಾಗ ಸಿಗುವ ವಸ್ತುವನ್ನು, ಕೊಡಿ. ಏನೂ ಆಗುವುದಿಲ್ಲ. ತೊಳೆಯುವ ಮೊದಲು ಇದೇ ಯೀಸ್ಟ್ ಪೈರುವೇಟನ್ನು ಮುರಿದು ಇಂಗಾಲದ ಡೈಆಕ್ಸೈಡನ್ನು ಗುಳುಗುಳು ಅಂತ ಎಬ್ಬಿಸುತ್ತಿತ್ತು. ಈಗ ಸುಮ್ನೆ ಕೂತಿದೆ.

ಯೀಸ್ಟಿನ ಕಿಣ್ವ ಸತ್ತಿಲ್ಲ. ಅದರೊಳಗಿನ ಏನೋ ತೊಳೆದ ನೀರಿನ ಜೊತೆ ಹೊರಟುಹೋಗಿದೆ. ಹೋದದ್ದೇನು, ವಾಪಸ್ ಕೊಟ್ಟರೆ ಕಿಣ್ವ ಏಳುತ್ತದೆಯೇ ಎಂಬುದು 1930ರ ದಶಕದ ಜೀವರಸಾಯನ ತಜ್ಞರ ಪ್ರಶ್ನೆಯಾಗಿತ್ತು. ಉತ್ತರದಲ್ಲಿ ಎರಡು ವಸ್ತುಗಳು ಸಿಕ್ಕವು. ಒಂದು, ಅಕ್ಕಿಯ ತವುಡಿನಲ್ಲಿರುವ ವಿಟಮಿನ್ ಬಿ1. ಇನ್ನೊಂದು, ಮೆಗ್ನೀಸಿಯಂ. ಮೊದಲನೆಯದಕ್ಕೆ ಬೇಕಾದಷ್ಟು ಹೆಸರು ಬಂತು. ಎರಡನೆಯದು ಪಠ್ಯಪುಸ್ತಕದ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿಯಿತು. ನಾನು ಇಲ್ಲಿ ಹೇಳಹೊರಟಿರುವುದು ಆ ಎರಡನೆಯದರ ಬಗ್ಗೆ.

ಕಿಣ್ವದ ಹೆಸರು ಪೈರುವೇಟ್ ಡಿಕಾರ್ಬಾಕ್ಸಿಲೇಸ್. ಬರ್ಲಿನ್ನಿನಲ್ಲಿದ್ದ ಕಾರ್ಲ್ ನ್ಯೂಬರ್ಗ್ ಮತ್ತು ಅವರ ಜೊತೆಗಾರರು 1911ರಲ್ಲಿ ಇದನ್ನು ಗುರುತಿಸಿ ಕಾರ್ಬಾಕ್ಸಿಲೇಸ್ ಎಂದು ಕರೆದರು. ಯೀಸ್ಟ್ ಸಕ್ಕರೆಯನ್ನು ಒಡೆಯುತ್ತಾ ಬಂದು ಪೈರುವೇಟಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಈ ಕಿಣ್ವದ ಸರದಿ. ಮೂರು ಇಂಗಾಲದ ಪೈರುವೇಟಿನಿಂದ ಒಂದು ಇಂಗಾಲವನ್ನು ಅನಿಲವಾಗಿ ಬಿಡಿಸಿ, ಎರಡು ಇಂಗಾಲದ ಅಸಿಟಾಲ್ಡಿಹೈಡ್ ಮಾಡುತ್ತದೆ. ಬ್ರೆಡ್ಡಿನಲ್ಲಿ ತೂತು ಬೀಳುವುದು, ಸೇಂದಿಯಲ್ಲಿ ನೊರೆ ಏಳುವುದು ಇದೇ ಅನಿಲದಿಂದ. ಅಸಿಟಾಲ್ಡಿಹೈಡ್ ಮುಂದಿನ ಹೆಜ್ಜೆಯಲ್ಲಿ ಮದ್ಯವಾಗುತ್ತದೆ.

1932ರಲ್ಲಿ ಅರ್ನ್ಸ್ಟ್ ಔಹಾಗೆನ್ ಒಂದು ವಿಷಯ ತೋರಿಸಿದರು. ತೊಳೆದು ನಿಷ್ಕ್ರಿಯವಾದ ಯೀಸ್ಟಿಗೆ ಕುದಿಸಿದ ಯೀಸ್ಟ್ ರಸವನ್ನು ಸೇರಿಸಿದರೆ ಕೆಲಸ ಮತ್ತೆ ಶುರುವಾಗುತ್ತದೆ. ಕುದಿಸಿದಾಗ ಪ್ರೋಟೀನು ಹಾಳಾಗುತ್ತದಲ್ಲ, ಹಾಗಾದರೆ ರಸದಲ್ಲಿರುವುದು ಪ್ರೋಟೀನ್ ಅಲ್ಲ, ಬಿಸಿ ತಡೆಯುವ ಚಿಕ್ಕ ಅಣು. ಅದಕ್ಕೆ ಕೋಕಾರ್ಬಾಕ್ಸಿಲೇಸ್ ಎಂದು ಹೆಸರಿಟ್ಟರು. ಜೊತೆಗೆ ಮೆಗ್ನೀಸಿಯಂ ಬೇಕು ಎಂಬುದೂ ಗೊತ್ತಾಯಿತು.

ಆ ಚಿಕ್ಕ ಅಣು ಯಾವುದು ಎಂದು ಹಿಡಿದವರು ಕಾರ್ಲ್ ಲೋಹ್‌ಮನ್ ಮತ್ತು ಫಿಲಿಪ್ ಶುಸ್ಟರ್, 1937ರಲ್ಲಿ. ಲೋಹ್‌ಮನ್ ಅಂದರೆ 1929ರಲ್ಲಿ ಕೋಶಗಳ ಶಕ್ತಿಯ ನಾಣ್ಯವಾದ ಎಟಿಪಿಯನ್ನು ಕಂಡುಹಿಡಿದವರೇ. ಫಾಸ್ಫೇಟ್ ಅಂಟಿಕೊಂಡ ಅಣುಗಳ ವಾಸನೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೋಕಾರ್ಬಾಕ್ಸಿಲೇಸನ್ನು ಹರಳು ಮಾಡಿ ನೋಡಿದರೆ ಅದು ಥಯಾಮಿನ್, ಅಂದರೆ ವಿಟಮಿನ್ ಬಿ1, ಅದರ ಬಾಲಕ್ಕೆ ಎರಡು ಫಾಸ್ಫೇಟ್. ಥಯಾಮಿನ್ ಪೈರೋಫಾಸ್ಫೇಟ್, ಚಿಕ್ಕದಾಗಿ ಟಿಪಿಪಿ. ಬಿ1ನ ರಚನೆ ಹಿಡಿದು ಅದನ್ನು ಕೃತಕವಾಗಿ ತಯಾರಿಸಿದ್ದು ಅದರ ಹಿಂದಿನ ವರ್ಷ, 1936ರಲ್ಲಿ, ಅಮೆರಿಕದ ರಾಬರ್ಟ್ ವಿಲಿಯಮ್ಸ್. ಅವರು ಹುಟ್ಟಿದ್ದು ನಮ್ಮ ಪಕ್ಕದ ನೆಲ್ಲೂರಿನಲ್ಲಿ, ಮಿಷನರಿ ದಂಪತಿಯ ಮಗನಾಗಿ. ಪಾಲಿಶ್ ಅಕ್ಕಿ ತಿಂದವರ ಕಾಲು ಸೋಲಿಸುವ ಬೆರಿಬೆರಿ ಮತ್ತು ಯೀಸ್ಟಿನ ಹುಳಿತ ಎರಡೂ ಒಂದೇ ಅಣುವಿನ ಕಥೆ ಎಂದು ಗೊತ್ತಾದ ವರ್ಷ 1937.

ಈಗ ಪ್ರಯೋಗದ ಲೆಕ್ಕ ನೋಡಿ. ತೊಳೆದ ಯೀಸ್ಟಿಗೆ ಟಿಪಿಪಿ ಮಾತ್ರ ಕೊಟ್ಟರೆ ಸಾಲದು. ಮೆಗ್ನೀಸಿಯಂ ಮಾತ್ರ ಕೊಟ್ಟರೂ ಸಾಲದು. ಎರಡನ್ನೂ ಕೊಟ್ಟರೆ ಅನಿಲ ಏಳುತ್ತದೆ. ಮೆಗ್ನೀಸಿಯಂ ಬದಲು ಮ್ಯಾಂಗನೀಸ್ ಕೊಟ್ಟರೂ ನಡೆಯುತ್ತದೆ. ಈ ಕೊನೆಯ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1941ರ ಹೊತ್ತಿಗೆ ಡೇವಿಡ್ ಗ್ರೀನ್, ಹರ್ಬರ್ಟ್ ಮತ್ತು ಸುಬ್ರಹ್ಮಣ್ಯನ್ ಈ ಕಿಣ್ವವನ್ನು ಶುದ್ಧ ಮಾಡಿ, ಇದು ಥಯಾಮಿನ್, ಮೆಗ್ನೀಸಿಯಂ, ಪ್ರೋಟೀನ್ ಮೂರೂ ಕೂಡಿದ ವಸ್ತು ಎಂದು ಬರೆದರು. ಮೂರೂ ಕೂಡಿವೆ, ಸರಿ. ಆದರೆ ಹೇಗೆ ಕೂಡಿವೆ? ಯಾರು ಯಾರನ್ನು ಹಿಡಿದಿದ್ದಾರೆ? ಇದಕ್ಕೆ ಉತ್ತರ ಬರಲು ಇನ್ನೂ 50 ವರ್ಷ ಹಿಡಿಯಿತು.

ಎರಡು ಋಣಗಳ ನಡುವೆ

ಟಿಪಿಪಿಯನ್ನು ಒಂದು ಗಾಳಿಪಟ ಅಂದುಕೊಳ್ಳಿ. ತಲೆಯಲ್ಲಿ ಎರಡು ಉಂಗುರಗಳಿವೆ. ಒಂದು ಪಿರಿಮಿಡಿನ್, ಇನ್ನೊಂದು ಥಯಾಜೋಲಿಯಂ. ಬಾಲದಲ್ಲಿ ಎರಡು ಫಾಸ್ಫೇಟ್. ರಸಾಯನ ಕ್ರಿಯೆ ನಡೆಯುವುದೆಲ್ಲ ತಲೆಯಲ್ಲಿ. ಥಯಾಜೋಲಿಯಂ ಉಂಗುರದಲ್ಲಿ ಗಂಧಕ ಮತ್ತು ಸಾರಜನಕದ ನಡುವೆ ಒಂದು ಇಂಗಾಲವಿದೆ. ಅದಕ್ಕೆ ಸಿ2 ಎಂದು ಹೆಸರು. ಅದರ ಮೇಲಿನ ಹೈಡ್ರೋಜನ್ ಸುಲಭವಾಗಿ ಕಳಚಿಕೊಳ್ಳುತ್ತದೆ ಎಂದು ರೊನಾಲ್ಡ್ ಬ್ರೆಸ್ಲೋ 1950ರ ದಶಕದ ಕೊನೆಯಲ್ಲಿ ತೋರಿಸಿದರು. ಥಯಾಮಿನ್ನನ್ನು ಭಾರಜಲದಲ್ಲಿ ಹಾಕಿದರೆ ಆ ಹೈಡ್ರೋಜನ್ ಜಾಗಕ್ಕೆ ಆ ನೀರಿನ ಡ್ಯುಟೇರಿಯಂ, ಅಂದರೆ ಭಾರದ ಹೈಡ್ರೋಜನ್, ಬಂದು ಕೂರುತ್ತದೆ. ಹೈಡ್ರೋಜನ್ ಕಳಚಿದ ಆ ಇಂಗಾಲವೇ ಪೈರುವೇಟನ್ನು ಹಿಡಿದು ಮುರಿಯುವುದು.

ಹಾಗಾದರೆ ಬಾಲಕ್ಕೆ ಏನು ಕೆಲಸ? ಕಿಣ್ವ ಅಣುವನ್ನು ಹಿಡಿಯಲು ಬಳಸುವ ಹಿಡಿಕೆ ಅದು. ಇಲ್ಲೊಂದು ತೊಡಕು ಬರುತ್ತದೆ. ಫಾಸ್ಫೇಟಿನ ಮೇಲೆ ಋಣ ವಿದ್ಯುದಂಶ ಇರುತ್ತದೆ, ಎರಡು ಸೇರಿದರೆ ಇನ್ನೂ ಜಾಸ್ತಿ. ಕಿಣ್ವದಲ್ಲಿ ಟಿಪಿಪಿ ಕೂರುವ ಗುಂಡಿಯಲ್ಲಿ ಎದುರು ಕೂತಿರುವುದು ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಸರಪಳಿಯ ಒಂದು ಕೊಂಡಿ), ಅದೂ ಋಣವೇ. ಎರಡು ಋಣಗಳು ಒಂದನ್ನೊಂದು ದೂಡುತ್ತವೆ. ನೇರವಾಗಿ ಕೈ ಹಿಡಿಯುವ ಮಾತೇ ಇಲ್ಲ.

ನಡುವೆ ಎರಡು ಧನ ಅಂಶವಿರುವ ಮೆಗ್ನೀಸಿಯಂ ಬಂದು ಕೂತರೆ? ಆ ಕಡೆಯವರೂ ಅದನ್ನು ಹಿಡಿಯುತ್ತಾರೆ, ಈ ಕಡೆಯವರೂ ಹಿಡಿಯುತ್ತಾರೆ. ಮಾತು ಬಿಟ್ಟ ಎರಡು ಮನೆಗಳ ನಡುವೆ ಓಡಾಡುವ ಸೋದರತ್ತೆಯ ಹಾಗೆ.

ಇದರ ಸ್ಪಷ್ಟ ಚಿತ್ರ ಬಂದದ್ದು 1990ರ ದಶಕದ ಆರಂಭದಲ್ಲಿ. ಯೀಸ್ಟಿನ ಪೈರುವೇಟ್ ಡಿಕಾರ್ಬಾಕ್ಸಿಲೇಸಿನ ರಚನೆಯನ್ನು ಎಕ್ಸ್-ರೇ ಮೂಲಕ ಡಿಡಾ, ಫ್ಯೂರಿ, ಸ್ಯಾಕ್ಸ್ ಮತ್ತಿತರರು 1993ರಲ್ಲಿ ಪ್ರಕಟಿಸಿದರು. ಅದರ ಹಿಂದಿನ ವರ್ಷ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಮತ್ತು ಷ್ನೈಡರ್ ಗುಂಪು ಇನ್ನೊಂದು ಟಿಪಿಪಿ ಕಿಣ್ವವಾದ ಟ್ರಾನ್ಸ್‌ಕೀಟೊಲೇಸಿನ ರಚನೆ ಕೊಟ್ಟಿತ್ತು.

ಮೆಗ್ನೀಸಿಯಂ ಅಯಾನಿಗೆ ಆರು ಕೈ ಎಂದುಕೊಳ್ಳಬಹುದು. ಮೇಲೆ, ಕೆಳಗೆ, ಮತ್ತೆ ನಾಲ್ಕು ಸುತ್ತ. ಆರೂ ಕೈಗಳು ಆಮ್ಲಜನಕವನ್ನೇ ಹಿಡಿಯಲು ಇಷ್ಟಪಡುತ್ತವೆ. ಯೀಸ್ಟಿನ ಕಿಣ್ವದಲ್ಲಿ ಎರಡು ಕೈ ಟಿಪಿಪಿಯ ಬಾಲಕ್ಕೆ, ಒಂದೊಂದು ಫಾಸ್ಫೇಟಿನಿಂದ ಒಂದೊಂದು ಆಮ್ಲಜನಕ. ಮೂರು ಕೈ ಪ್ರೋಟೀನಿಗೆ: 444ನೆಯ ಸ್ಥಾನದ ಆಸ್ಪಾರ್ಟೇಟ್, 471ನೆಯ ಆಸ್ಪರಾಜಿನ್, 473ನೆಯ ಗ್ಲೈಸಿನ್ನಿನ ಬೆನ್ನೆಲುಬಿನ ಆಮ್ಲಜನಕ. ಉಳಿದ ಒಂದು ಕೈಯಲ್ಲಿ ನೀರಿನ ಅಣು. ಪ್ರತಿ ಹಿಡಿತದ ಉದ್ದ ಸುಮಾರು 2.1 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು). ನೀರಿನಲ್ಲಿ ಒಂಟಿಯಾಗಿದ್ದಾಗ ಮೆಗ್ನೀಸಿಯಂ ಆರು ಕೈಯಲ್ಲೂ ನೀರನ್ನೇ ಹಿಡಿದಿರುತ್ತದೆ. ಅಂದರೆ ಈ ಗುಂಡಿಗೆ ಬರುವಾಗ ಐದು ನೀರನ್ನು ಕೈಬಿಟ್ಟು ಬಂದಿದೆ.

ಸಿ2 ಇಂಗಾಲ ಇರುವುದು ಅಣುವಿನ ಆ ತುದಿಯಲ್ಲಿ. ಮೆಗ್ನೀಸಿಯಂ ಇರುವುದು ಈ ತುದಿಯಲ್ಲಿ. ಪೈರುವೇಟ್ ಮುರಿಯುವ ಜಾಗಕ್ಕೂ ಲೋಹಕ್ಕೂ ಮುಟ್ಟುವ ಸಂಬಂಧವೇ ಇಲ್ಲ. ಎತ್ತಿನ ಗಾಡಿಯ ಕಡೆಗೀಲು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕಡೆಗೀಲು ಗಾಡಿ ಎಳೆಯುವುದಿಲ್ಲ, ಹೊರೆ ಹೊರುವುದಿಲ್ಲ. ಅಚ್ಚಿನ ತುದಿಯಲ್ಲಿ ಸುಮ್ನೆ ಚುಚ್ಚಿಕೊಂಡಿರುತ್ತದೆ. ಅದು ಬಿದ್ದರೆ ಚಕ್ರ ಕಳಚಿ ಗದ್ದೆಗೆ ಉರುಳುತ್ತದೆ.

ಮ್ಯಾಂಗನೀಸಿನ ಮಾತು ನೆನಪಿದೆಯಲ್ಲ? ಲೋಹವೇ ಕ್ರಿಯೆ ನಡೆಸುವುದಾಗಿದ್ದರೆ ಬೇರೆ ಲೋಹ ಹಾಕಿದಾಗ ಕೆಲಸ ಕೆಡಬೇಕಿತ್ತು. ಇಲ್ಲಿ ಮ್ಯಾಂಗನೀಸ್, ಕ್ಯಾಲ್ಸಿಯಂ, ಕೋಬಾಲ್ಟ್ ಯಾವುದನ್ನು ಕೂರಿಸಿದರೂ ಕಿಣ್ವ ಏಳುತ್ತದೆ. ಎರಡು ಧನ ಇರಬೇಕು, ಗುಂಡಿಯಲ್ಲಿ ಹಿಡಿಸಬೇಕು, ಅಷ್ಟೇ. ಮರದ ಕಡೆಗೀಲಾದರೇನು, ಕಬ್ಬಿಣದ್ದಾದರೇನು. ಸ್ವೀಡನ್ನಿನವರು ರಚನೆ ಬಿಡಿಸಿದ ಯೀಸ್ಟ್ ಟ್ರಾನ್ಸ್‌ಕೀಟೊಲೇಸಿನಲ್ಲಂತೂ ಕೂತಿದ್ದುದು ಕ್ಯಾಲ್ಸಿಯಮ್ಮೇ. ಜೀವಕೋಶದೊಳಗೆ ಬಿಡುವಾಗಿ ಓಡಾಡುವ ಮೆಗ್ನೀಸಿಯಂ ಕ್ಯಾಲ್ಸಿಯಂಗಿಂತ ಸಾವಿರಾರು ಪಟ್ಟು ಜಾಸ್ತಿ. ಹಾಗಾಗಿ ನಿಜ ಜೀವನದಲ್ಲಿ ಆ ಜಾಗ ಬಹುಮಟ್ಟಿಗೆ ಮೆಗ್ನೀಸಿಯಂ ಪಾಲಾಗುತ್ತದೆ.

ಇದಕ್ಕೆ ಎದುರು ಉದಾಹರಣೆ ಬೇಕಾದರೆ ದೂರ ಹೋಗಬೇಕಿಲ್ಲ. ಅದೇ ಯೀಸ್ಟಿನಲ್ಲಿ ಮುಂದಿನ ಹೆಜ್ಜೆಯ ಕಿಣ್ವ ಆಲ್ಕೋಹಾಲ್ ಡಿಹೈಡ್ರೋಜನೇಸ್. ಅದರಲ್ಲಿ ಸತುವಿದೆ. ಆ ಸತು ಅಸಿಟಾಲ್ಡಿಹೈಡಿನ ಆಮ್ಲಜನಕವನ್ನು ತಾನೇ ಹಿಡಿದು, ಇಂಗಾಲವನ್ನು ಕ್ರಿಯೆಗೆ ಅಣಿ ಮಾಡುತ್ತದೆ. ಅಲ್ಲಿ ಲೋಹ ನೇರ ಕೆಲಸಗಾರ. ಇಲ್ಲಿ ಲೋಹ ಹಿಡಿದು ನಿಲ್ಲಿಸುವವ. ಎರಡನ್ನೂ 'ಲೋಹ ಕೋಫ್ಯಾಕ್ಟರ್' (ಕಿಣ್ವಕ್ಕೆ ಜೊತೆಗೆ ಬೇಕಾಗುವ ಲೋಹ) ಎಂದು ಒಂದೇ ಕಾಲಮ್ಮಿನಲ್ಲಿ ಬರೆಸಿ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಈ ಪಟ್ಟಿ ಪರೀಕ್ಷೆಗೆ ಅನುಕೂಲ, ಅರ್ಥವಾಗುವುದಕ್ಕೆ ಅಲ್ಲ ಅನ್ನುವುದು ನನ್ನ ಹಳೆಯ ತಕರಾರು.

ಎರಡು ಮನೆಯ ಗೋಡೆ

ಈ ಕಿಣ್ವ ಒಂಟಿಯಲ್ಲ. 563 ಅಮೈನೋ ಆಮ್ಲಗಳ ಒಂದು ಸರಪಳಿ, ಅಂಥ ನಾಲ್ಕು ಸೇರಿ ಒಂದು ಕಿಣ್ವ. ಜೋಡಿ ಜೋಡಿಯಾಗಿ ಕೂಡಿವೆ. ಟಿಪಿಪಿ ಕೂರುವ ಜಾಗ ಒಂದು ಸರಪಳಿಯ ಒಳಗಿಲ್ಲ, ಎರಡು ಸರಪಳಿಗಳ ನಡುವಿನ ಗೋಡೆಯಲ್ಲಿದೆ. ಬಾಲದ ತುದಿ, ಅಂದರೆ ಮೆಗ್ನೀಸಿಯಂ ತುದಿ, ಒಂದು ಸರಪಳಿಯಲ್ಲಿ. ಪಿರಿಮಿಡಿನ್ ತುದಿ ಪಕ್ಕದ ಸರಪಳಿಯಲ್ಲಿ. ಅಲ್ಲಿ 51ನೆಯ ಸ್ಥಾನದ ಗ್ಲುಟಮೇಟ್ ಆ ಉಂಗುರದ ಸಾರಜನಕವನ್ನು ಹಿಡಿದಿದೆ.

ಎರಡೂ ತುದಿ ಬಿಗಿಯಾದಾಗ ನಡುವಿನ ಅಣು ಹೇಗೆಂದರೆ ಹಾಗೆ ಕೂರಲು ಆಗುವುದಿಲ್ಲ. ಅದು ಇಂಗ್ಲಿಷಿನ ವಿ ಅಕ್ಷರದ ಹಾಗೆ ಮಡಿಸಿಕೊಳ್ಳುತ್ತದೆ. ಥಯಾಮಿನ್‌ಗೆ ಇದು ಸಹಜ ಭಂಗಿಯಲ್ಲ. ದ್ರಾವಣದಲ್ಲಿ ಬಿಟ್ಟರೆ ಬೇರೆ ಭಂಗಿಗಳಲ್ಲಿ ಆರಾಮಾಗಿರುತ್ತದೆ. ಕಿಣ್ವದಲ್ಲಿ ಮಡಿಕೆಯ ಕೆಳಗೆ 415ನೆಯ ಐಸೋಲ್ಯೂಸಿನ್ ಒಂದು ಒತ್ತುಗಲ್ಲಿನ ಹಾಗೆ ನಿಂತಿದೆ. ಹೀಗೆ ಮಡಿಸಿದಾಗ ಪಿರಿಮಿಡಿನ್ನಿನ ಅಮೈನೋ ಗುಂಪು ಸರಿಯಾಗಿ ಸಿ2 ಇಂಗಾಲದ ಪಕ್ಕಕ್ಕೆ ಬರುತ್ತದೆ. ಆಗ ಅದು ಆ ಹೈಡ್ರೋಜನ್ನನ್ನು ಕಿತ್ತುಕೊಳ್ಳಬಲ್ಲದು. 1997ರಲ್ಲಿ ಕೆರ್ನ್ ಮತ್ತು ಜೊತೆಗಾರರು ಈ ಹೈಡ್ರೋಜನ್ ಕಳಚುವ ವೇಗವನ್ನು ಕಿಣ್ವದೊಳಗೇ ಅಳೆದು, ಅಮೈನೋ ಗುಂಪಿಲ್ಲದಿದ್ದರೆ ಆಟ ನಡೆಯುವುದಿಲ್ಲ ಎಂದು ತೋರಿಸಿದರು.

ಹೀಗೆ ಮೆಗ್ನೀಸಿಯಂ ದೂರದಿಂದಲೇ ಕ್ರಿಯೆಗೆ ನೆರವಾಗುತ್ತದೆ. ಗುರಿ ಇಡುವ ಬಿಲ್ಲನ್ನು ಅಲುಗಾಡದ ಹಾಗೆ ಊರಿ ನಿಲ್ಲಿಸಿದವರಿಗೂ ಪಾಲು ಇದೆ, ಅಲ್ವಾ?

ತೊಳೆದ ಯೀಸ್ಟಿನ ಒಗಟು ಈಗ ಬಿಡಿಸಿಕೊಳ್ಳುತ್ತದೆ. ಪಿಎಚ್ 6ರ ಸುತ್ತ, ಅಂದರೆ ತುಸು ಆಮ್ಲೀಯವಾದ ದ್ರಾವಣದಲ್ಲಿ, ಈ ಕಿಣ್ವ ಟಿಪಿಪಿಯನ್ನೂ ಮೆಗ್ನೀಸಿಯಮ್ಮನ್ನೂ ಎಷ್ಟು ಗಟ್ಟಿಯಾಗಿ ಹಿಡಿದಿರುತ್ತದೆ ಎಂದರೆ ನೀರಿನಲ್ಲಿ ಎಷ್ಟು ಜಾಲಿಸಿದರೂ ಬಿಡುವುದಿಲ್ಲ. ಪಿಎಚ್ 8 ದಾಟಿ ಕ್ಷಾರೀಯವಾದರೆ ನಾಲ್ಕರ ಕೂಟ ಎರಡೆರಡಾಗಿ ಬಿಚ್ಚಿಕೊಳ್ಳುತ್ತದೆ, ಗೋಡೆ ಸಡಿಲವಾಗುತ್ತದೆ, ಒಳಗಿದ್ದವರು ಹೊರಬೀಳುತ್ತಾರೆ. ಕ್ಷಾರೀಯ ಫಾಸ್ಫೇಟಿನಲ್ಲಿ ತೊಳೆದವರಿಗೆ ಈ ರಚನೆಯ ಸುಳಿವೇ ಇರಲಿಲ್ಲ, ಆದರೂ ಸರಿಯಾದ ಕಡೆಯೇ ಕೈ ಹಾಕಿದ್ದರು. ಮತ್ತೆ ಪಿಎಚ್ ಇಳಿಸಿ ಎರಡನ್ನೂ ಕೊಟ್ಟರೆ ಕೂಟ ಮತ್ತೆ ಕಟ್ಟಿಕೊಳ್ಳುತ್ತದೆ. ತಕ್ಷಣ ಅಲ್ಲ, ಸ್ವಲ್ಪ ಹೊತ್ತು ಬೇಕು.

ಒಂದು ಪ್ರಶ್ನೆ ಕೇಳಲೇಬೇಕು. ಫಾಸ್ಫೇಟ್ ಹಿಡಿಯಲು ಲೋಹವೇ ಬೇಕಾ? ಬೇಕೇಬೇಕು ಅಂತೇನಿಲ್ಲ. ವಿಟಮಿನ್ ಬಿ6ನ ಕೋಫ್ಯಾಕ್ಟರಿಗೂ ಫಾಸ್ಫೇಟ್ ಇದೆ. ಅದನ್ನು ಕಿಣ್ವಗಳು ಲೋಹವಿಲ್ಲದೆ, ಅಮೈನೋ ಆಮ್ಲಗಳಿಂದಲೇ ಹಿಡಿಯುತ್ತವೆ. ಎನ್‌ಎಡಿ ಎಂಬ ಇನ್ನೊಂದು ಕೋಫ್ಯಾಕ್ಟರಿನಲ್ಲಿ ಟಿಪಿಪಿಯ ಹಾಗೆ ಎರಡು ಫಾಸ್ಫೇಟ್ ಅಕ್ಕಪಕ್ಕದಲ್ಲೇ ಇವೆ. ಅಲ್ಲೂ ಸಾಮಾನ್ಯವಾಗಿ ಲೋಹ ಇಲ್ಲ, ಗ್ಲೈಸಿನ್ ಜಾಸ್ತಿ ಇರುವ ಒಂದು ತಿರುವು ಆ ಕೆಲಸ ಮಾಡುತ್ತದೆ. ಹಾಗಾಗಿ ಇದು ರಸಾಯನಶಾಸ್ತ್ರದ ನಿಯಮ ಅಲ್ಲ, ಒಂದು ಕುಟುಂಬದ ಪದ್ಧತಿ. ಟಿಪಿಪಿ ಕಿಣ್ವಗಳ ಕುಟುಂಬ ಈ ಪದ್ಧತಿಯನ್ನು ಎಷ್ಟು ಬಿಡದೆ ಉಳಿಸಿಕೊಂಡಿದೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಇದೆ. 1989ರಲ್ಲಿ, ಇನ್ನೂ ಒಂದೂ ರಚನೆ ಬಂದಿರಲಿಲ್ಲ, ಕೇಂಬ್ರಿಜ್ಜಿನ ಹಾಕಿನ್ಸ್, ಬೋರ್ಜೆಸ್ ಮತ್ತು ಪೆರ್‌ಹ್ಯಾಮ್ ಬೇರೆ ಬೇರೆ ಟಿಪಿಪಿ ಕಿಣ್ವಗಳ ಅಮೈನೋ ಆಮ್ಲದ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಉಳಿದದ್ದೆಲ್ಲ ಬೇರೆಯಾಗಿದ್ದರೂ ಸುಮಾರು 30 ಅಕ್ಷರಗಳ ಒಂದು ತುಂಡು ಮಾತ್ರ ಒಂದೇ ಥರ ಕಂಡಿತು. ಗ್ಲೈಸಿನ್-ಆಸ್ಪಾರ್ಟೇಟ್-ಗ್ಲೈಸಿನ್ ಎಂದು ಶುರು, ಆಸ್ಪರಾಜಿನ್-ಆಸ್ಪರಾಜಿನ್ ಎಂದು ಕೊನೆ. ಟಿಪಿಪಿ ಕೂರುವುದು ಇಲ್ಲೇ ಇರಬೇಕು ಎಂದು ಬರೆದರು. ಮೂರು ವರ್ಷ ಕಳೆದು ರಚನೆಗಳು ಬಂದಾಗ ನೋಡಿದರೆ, ಆ ತುಂಡಿನ ಆಸ್ಪಾರ್ಟೇಟೂ ಆಸ್ಪರಾಜಿನ್ನೂ ಹಿಡಿದುಕೊಂಡಿದ್ದು ಲೋಹವನ್ನು. ಕೋಟಿಗಟ್ಟಲೆ ವರ್ಷಗಳಲ್ಲಿ ಏನೆಲ್ಲ ಬದಲಾದರೂ ಕಡೆಗೀಲಿನ ತೂತು ಬದಲಾಗಲಿಲ್ಲ.

ಬಿ1 ಕೊಟ್ಟರೂ ಏಳದ ರೋಗಿ

ಮನುಷ್ಯನಲ್ಲಿ ಯೀಸ್ಟಿನ ಈ ಕಿಣ್ವ ಇಲ್ಲ. ಆದರೆ ಅದೇ ಕುಟುಂಬದವು ಇವೆ. ಪೈರುವೇಟ್ ಡಿಹೈಡ್ರೋಜನೇಸ್, ಆಲ್ಫಾ-ಕೀಟೊಗ್ಲುಟರೇಟ್ ಡಿಹೈಡ್ರೋಜನೇಸ್, ಟ್ರಾನ್ಸ್‌ಕೀಟೊಲೇಸ್. ಎಲ್ಲಕ್ಕೂ ಟಿಪಿಪಿ ಬೇಕು, ಎಲ್ಲದರಲ್ಲೂ ಅದನ್ನು ಹಿಡಿಯುವುದು ಲೋಹದ ಅಯಾನು. ಮಿದುಳು ಮತ್ತು ಹೃದಯಕ್ಕೆ ಶಕ್ತಿ ಬರುವ ದಾರಿಯಲ್ಲಿ ಮೊದಲೆರಡು ಕಾವಲು ನಿಂತಿವೆ.

ಬಿ1 ತೀರಾ ಕಡಿಮೆಯಾದಾಗ ಮಿದುಳಿಗೆ ಬರುವ ಪೆಟ್ಟನ್ನು ಕಾರ್ಲ್ ವೆರ್ನಿಕೆ 1881ರಲ್ಲಿ ವಿವರಿಸಿದ್ದರು. ಕಣ್ಣುಗುಡ್ಡೆ ಸರಿಯಾಗಿ ತಿರುಗುವುದಿಲ್ಲ, ನಡಿಗೆ ತೂಗಾಡುತ್ತದೆ, ಬುದ್ಧಿ ಮಸುಕಾಗುತ್ತದೆ. ಹೆಚ್ಚು ಕುಡಿಯುವವರಲ್ಲಿ ಇದು ಕಾಣುವುದು ಜಾಸ್ತಿ. ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಕಣ್ಣಿನ ತೊಂದರೆ ಬಹಳ ಬೇಗ, ಕೆಲವೊಮ್ಮೆ ಗಂಟೆಗಳಲ್ಲಿ, ಸುಧಾರಿಸುತ್ತದೆ.

1974ರಲ್ಲಿ ಟ್ರವಿಯೆಸಾ ಎಂಬ ವೈದ್ಯರು ಇಂಥ ರೋಗಿಗಳ ಬಗ್ಗೆ ಒಂದು ಚಿಕ್ಕ ವರದಿ ಪ್ರಕಟಿಸಿದರು. ಇಬ್ಬರು ರೋಗಿಗಳಲ್ಲಿ ಥಯಾಮಿನ್ ಕೊಟ್ಟರೂ ಕಣ್ಣಿನ ತೊಂದರೆ ಉಳಿದವರಲ್ಲಿ ಇಳಿದ ಹಾಗೆ ಇಳಿಯಲಿಲ್ಲ. ರಕ್ತದಲ್ಲಿ ಟ್ರಾನ್ಸ್‌ಕೀಟೊಲೇಸ್ ಚಟುವಟಿಕೆಯೂ ಅದೇ ಥರ ಏರಲಿಲ್ಲ. ಆ ಇಬ್ಬರ ರಕ್ತದಲ್ಲಿ ಮೆಗ್ನೀಸಿಯಂ ಕಡಿಮೆ ಇತ್ತು. ಇಬ್ಬರೇ ರೋಗಿಗಳು, ಇದರಿಂದ ದೊಡ್ಡ ತೀರ್ಮಾನ ಎಳೆಯುವುದು ಕಷ್ಟ. ಆದರೆ ತೊಳೆದ ಯೀಸ್ಟಿನ ಪ್ರಯೋಗ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ.

ಇಲ್ಲಿ ಮೆಗ್ನೀಸಿಯಂ ಒಂದೇ ಕಡೆ ಅಡ್ಡ ಬರುವುದಿಲ್ಲ, ಎರಡು ಕಡೆ ಬರುತ್ತದೆ. ನಾವು ತಿನ್ನುವುದು, ಚುಚ್ಚಿಸಿಕೊಳ್ಳುವುದು ಬರೀ ಥಯಾಮಿನ್. ಅದಕ್ಕೆ ಎರಡು ಫಾಸ್ಫೇಟಿನ ಬಾಲ ಕಟ್ಟಬೇಕಾದ್ದು ದೇಹದ ಇನ್ನೊಂದು ಕಿಣ್ವ. ಅದು ಎಟಿಪಿಯಿಂದ ಎರಡು ಫಾಸ್ಫೇಟನ್ನು ಒಟ್ಟಿಗೆ ಎತ್ತಿ ಥಯಾಮಿನ್‌ಗೆ ಅಂಟಿಸುತ್ತದೆ. ಎಟಿಪಿ ಕೋಶದಲ್ಲಿ ಓಡಾಡುವುದೇ ಮೆಗ್ನೀಸಿಯಂ ಹೆಗಲಿಗೇರಿಸಿಕೊಂಡು. ಅಂದರೆ ಬಾಲ ಕಟ್ಟಲೂ ಮೆಗ್ನೀಸಿಯಂ, ಆ ಬಾಲ ಹಿಡಿಯಲೂ ಮೆಗ್ನೀಸಿಯಂ.

ಕುಡಿತದಿಂದ ಮೂತ್ರದಲ್ಲಿ ಮೆಗ್ನೀಸಿಯಂ ಸೋರಿಹೋಗುತ್ತದೆ, ಕುಡಿಯುವವರ ಊಟವೂ ಅಷ್ಟಕ್ಕಷ್ಟೆ. ಕೆಲವು ಮೂತ್ರವರ್ಧಕ ಮಾತ್ರೆಗಳೂ ಹಾಗೇ ಮಾಡುತ್ತವೆ. ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ನುಂಗುವ ಒಮೆಪ್ರಜೋಲ್ ಜಾತಿಯ ಮಾತ್ರೆಗಳಿಂದ ಮೆಗ್ನೀಸಿಯಂ ಇಳಿಯಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಎಚ್ಚರಿಕೆ ಕೊಟ್ಟಿತು. ಇನ್ನೊಂದು ಸಮಸ್ಯೆ ಎಂದರೆ ದೇಹದ ಸುಮಾರು 25 ಗ್ರಾಂ ಮೆಗ್ನೀಸಿಯಂನಲ್ಲಿ ರಕ್ತದಲ್ಲಿರುವುದು ನೂರಕ್ಕೆ ಒಂದು ಪಾಲು. ಉಳಿದದ್ದು ಮೂಳೆ, ಸ್ನಾಯು, ಕೋಶಗಳ ಒಳಗೆ. ರಕ್ತದ ರಿಪೋರ್ಟ್ ಸರಿಯಿದೆ ಎಂದ ಮಾತ್ರಕ್ಕೆ ಒಳಗಿನ ದಾಸ್ತಾನು ಸರಿಯಿದೆ ಎಂದೇನಲ್ಲ. ವೆರ್ನಿಕೆ ಅನುಮಾನ ಬಂದಾಗ ಥಯಾಮಿನ್ ಜೊತೆ ಮೆಗ್ನೀಸಿಯಮ್ಮನ್ನೂ ನೋಡಿ, ಕಡಿಮೆ ಇದ್ದರೆ ತುಂಬಿಸಿ ಎನ್ನುವ ವಾಡಿಕೆ ವೈದ್ಯರಲ್ಲಿ ಬಂದಿರುವುದು ಇದಕ್ಕೇ.

ನಮ್ಮ ಕಡೆಯ ಒಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಎದೆಹಾಲು ಮಾತ್ರ ಕುಡಿಯುವ ಎಳೆ ಕೂಸುಗಳಲ್ಲಿ, ಶ್ವಾಸಕೋಶದ ರಕ್ತನಾಳಗಳ ಒತ್ತಡ ಇದ್ದಕ್ಕಿದ್ದಂತೆ ಏರಿ ಜೀವಕ್ಕೆ ಕುತ್ತು ಬರುವುದನ್ನು ಗಮನಿಸಿ ವರದಿ ಮಾಡಿದ್ದಾರೆ. ತಾಯಂದಿರು ಬಾಣಂತಿ ಪಥ್ಯದಲ್ಲಿದ್ದವರು. ಪಾಲಿಶ್ ಅಕ್ಕಿಯ ಅನ್ನವೇ ಮುಖ್ಯ, ಕಾಳು ಸೊಪ್ಪು ಬೇಡ ಎನ್ನುವ ಪಥ್ಯ. ಥಯಾಮಿನ್ ಕೊಟ್ಟರೆ ಕೂಸು ಬೇಗನೆ ಚೇತರಿಸಿಕೊಳ್ಳುತ್ತದೆ. ಅಷ್ಟು ಬೇಗ ಹೇಗೆ? ಕಿಣ್ವಗಳು ಬಹುಪಾಲು ಹಾಳಾಗಿರುವುದಿಲ್ಲ. ಗುಂಡಿ ಖಾಲಿ ಇಟ್ಟುಕೊಂಡು ಕಾಯುತ್ತಿರುತ್ತವೆ, ತೊಳೆದ ಯೀಸ್ಟಿನ ಹಾಗೆಯೇ.

ಅಕ್ಕಿಯ ಮಿಲ್ಲಿನಲ್ಲಿ ತವುಡು ತೆಗೆದಾಗ ಹೋಗುವುದು ಬಿ1 ಮಾತ್ರ ಎಂದುಕೊಂಡಿರುತ್ತೇವೆ. ಅಕ್ಕಿಯ ಮೆಗ್ನೀಸಿಯಂ ಕೂಡ ಹೆಚ್ಚಾಗಿ ತವುಡಿನಲ್ಲೇ ಇದೆ. 100 ಗ್ರಾಂ ಕೆಂಪಕ್ಕಿಯಲ್ಲಿ ಅದು 100 ಮಿಲಿಗ್ರಾಂಗಿಂತ ಜಾಸ್ತಿ, ಬೆಳ್ಳಗೆ ಪಾಲಿಶ್ ಮಾಡಿದ್ದರಲ್ಲಿ ಮೂವತ್ತರ ಆಸುಪಾಸು. ಕರಾವಳಿಯವರ ಕುಚ್ಚಲಕ್ಕಿಯಲ್ಲಿ ಭತ್ತವನ್ನು ಬೇಯಿಸುವಾಗಲೇ ಬಿ1 ನೀರಿನ ಜೊತೆ ಕಾಳಿನ ಒಳಕ್ಕೆ ಇಳಿಯುತ್ತದೆ, ಆಮೇಲೆ ತವುಡು ತೆಗೆದರೂ ಒಂದಷ್ಟು ಉಳಿದುಕೊಳ್ಳುತ್ತದೆ.

ಬಿ1 ಕೊರತೆ ಪತ್ತೆ ಮಾಡುವ ಒಂದು ರಕ್ತಪರೀಕ್ಷೆ ಇದೆ. ಕೆಂಪು ರಕ್ತಕಣಗಳನ್ನು ಒಡೆದು ಎರಡು ಪಾಲು ಮಾಡುತ್ತಾರೆ. ಒಂದಕ್ಕೆ ಹೊರಗಿನಿಂದ ಟಿಪಿಪಿ ಹಾಕುತ್ತಾರೆ, ಇನ್ನೊಂದಕ್ಕೆ ಹಾಕುವುದಿಲ್ಲ. ಎರಡರಲ್ಲೂ ಟ್ರಾನ್ಸ್‌ಕೀಟೊಲೇಸ್ ಎಷ್ಟು ಕೆಲಸ ಮಾಡುತ್ತದೆ ಎಂದು ಅಳೆಯುತ್ತಾರೆ. ಟಿಪಿಪಿ ಹಾಕಿದ ಪಾಲು ತುಂಬಾ ಜೋರಾಗಿ ಏರಿದರೆ, ಗುಂಡಿಗಳು ಖಾಲಿ ಇದ್ದವು ಎಂದರ್ಥ. ಲೋಹ್‌ಮನ್ ಮತ್ತು ಶುಸ್ಟರ್ ಯೀಸ್ಟಿನಲ್ಲಿ ಮಾಡಿದ್ದನ್ನೇ ಇಲ್ಲಿ ರೋಗಿಯ ರಕ್ತದಲ್ಲಿ ಮಾಡುತ್ತಾರೆ. ಒಂದೇ ವ್ಯತ್ಯಾಸ, ಇಲ್ಲಿ ಯೀಸ್ಟನ್ನು ತೊಳೆದದ್ದು ಪ್ರಯೋಗಾಲಯ ಅಲ್ಲ, ತಟ್ಟೆಯ ಊಟ.